ಜೋಡಿ ಬೆಂಚು

ಶಾಸನಸಭೆಯ ಸಭಾಂಗಣದ ಹೊರಗೆ, ಗಾಜಿನ ಬಾಗಿಲಿಗೆ ನೇರ ಎದುರಾಗಿ, ಗೋಡೆಗೆ ಒತ್ತಿಸಿಟ್ಟ ಒಂದು ಮರದ ಬೆಂಚಿತ್ತು. ಅದಕ್ಕೆ ಒರಗುವ ಹಲಗೆ ಇರಲಿಲ್ಲ, ಮೆತ್ತೆಯೂ ಇರಲಿಲ್ಲ. ಮೂವರು ಸಲೀಸಾಗಿ ಕೂರುವಷ್ಟು ಉದ್ದವಿದ್ದರೂ ಅದರ ಮೇಲೆ ಸಾಮಾನ್ಯವಾಗಿ ಒಬ್ಬರೇ ಕೂತಿರುತ್ತಿದ್ದರು. ಆದರೂ ಅದರ ಹೆಸರು ಜೋಡಿ ಬೆಂಚು.

ಹೆಸರಿಗೆ ಕಾರಣ ಆ ಸಭೆಯ ಹಳೆಯ ವಾಡಿಕೆ. ಒಂದು ಪಕ್ಷದ ಶಾಸಕರು ಕಾಯಿಲೆ ಬಿದ್ದರೆ, ಎದುರು ಪಕ್ಷದ ಒಬ್ಬರು ಅವರಿಗೆ ಜೋಡಿಯಾಗಲು ಒಪ್ಪುತ್ತಿದ್ದರು. ಜೋಡಿಯಾದವರು ಚರ್ಚೆಯಲ್ಲಿ ಮಾತಾಡಬಹುದು, ಮೇಜು ಗುದ್ದಬಹುದು. ಮತಕ್ಕೆ ಹಾಕುವ ಗಂಟೆ ಬಾರಿಸಿದೊಡನೆ ಮಾತ್ರ ಎದ್ದು ಹೊರಬಂದು ಆ ಬೆಂಚಿನ ಮೇಲೆ ಕೂರಬೇಕು. ಎರಡೂ ಕಡೆಯ ಸಚೇತಕರು, ಅಂದರೆ ತಮ್ಮ ಪಕ್ಷದ ತಲೆಗಳನ್ನು ಎಣಿಸಿ ಒಳಗೆ ಸೇರಿಸುವವರು, ಗಾಜಿನ ಮೂಲಕ ಅವರ ಮೇಲೆ ಕಣ್ಣಿಡುತ್ತಿದ್ದರು. ಆ ಕಡೆ ಒಂದು ಕಳೆದರೆ ಈ ಕಡೆಯೂ ಒಂದು ಕಳೆಯಿತು. ಒಬ್ಬರ ಕಾಯಿಲೆಯಿಂದ ಇನ್ನೊಬ್ಬರಿಗೆ ಲಾಭವಾಗಬಾರದು ಎಂಬುದಷ್ಟೇ ಅದರ ತಾತ್ಪರ್ಯ. ಇದು ಯಾವ ನಿಯಮಾವಳಿಯಲ್ಲೂ ಇರಲಿಲ್ಲ. ಬಾಯಿಮಾತಿನಲ್ಲಿ ಕಟ್ಟಿದ ಗಂಟನ್ನು ಬಾಯಿಮಾತಿನಲ್ಲಿಯೇ ಬಿಚ್ಚಬೇಕು. ಬಿಚ್ಚುವ ಅಧಿಕಾರ, ಮಾತು ಪಡೆದವರೊಬ್ಬರಿಗೇ.

ಆ ವರ್ಷ ಬೆಂಚು ಕಂಡಕ್ಟರನ ಪಾಲಿಗೆ ಬಂದಿತ್ತು.

ಕಂಡಕ್ಟರ್ ಎಂಬುದು ಸಭೆಯಲ್ಲಿ ಅವನ ಅಡ್ಡಹೆಸರು. ಒಂದು ಕಾಲಕ್ಕೆ ಉದ್ಯೋಗವೂ ಹೌದು. ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದವನು ನೌಕರರ ಸಂಘದ ಕಾರ್ಯದರ್ಶಿಯಾದ. ಒಂದು ಮುಷ್ಕರದಲ್ಲಿ ಕೆಲಸ ಕಳೆದುಕೊಂಡ. ಕೆಲಸ ಕಳೆದುಕೊಂಡವನನ್ನು ಅವನ ಮಾರ್ಗದ ಪ್ರಯಾಣಿಕರೇ ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದರು. ಆಮೇಲೆ ಅವನು ಸೋಲಲಿಲ್ಲ. ಮಂತ್ರಿಯೂ ಆಗಲಿಲ್ಲ. ಅವನು ಕೇಳಲಿಲ್ಲ, ಕೇಳದವನಿಗೆ ಕೊಡುವ ರೂಢಿ ಪಕ್ಷದಲ್ಲಿರಲಿಲ್ಲ. ಅವನ ಮಾತು ಉದ್ದವಾದರೆ ಸಭಾಧ್ಯಕ್ಷರು, "ಸ್ಟಾಪ್ ಬಂತು ಕಂಡಕ್ಟ್ರೇ" ಎನ್ನುತ್ತಿದ್ದರು. "ಇಳಿಯೋರು ಇನ್ನೂ ಇದಾರೆ ಸ್ವಾಮಿ, ಒಂದ್ನಿಮಿಷ" ಎಂದು ಅವನು ಮುಂದುವರಿಸುತ್ತಿದ್ದ.

ಬೆಳಗಾದರೆ ಮನೆಯ ಮುಂದಿನ ಕೋಣೆ ತುಂಬುತ್ತಿತ್ತು. ಒಬ್ಬರಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಬೇಕು, ಇನ್ನೊಬ್ಬರಿಗೆ ಒಡೆದ ಪೈಪು ಸರಿಯಾಗಬೇಕು, ಮತ್ತೊಬ್ಬರ ಅಳಿಯ ಠಾಣೆಯಲ್ಲಿ ಕೂತಿದ್ದಾನೆ. ಕಂಡಕ್ಟರ್ ಯಾರಿಗೂ 'ನೋಡೋಣ' ಎಂದವನಲ್ಲ. ಆಗುವುದಕ್ಕೆ ಆಗುತ್ತದೆ ಎನ್ನುತ್ತಿದ್ದ, ಆಗದ್ದಕ್ಕೆ ಇಲ್ಲ ಎನ್ನುತ್ತಿದ್ದ. ಇಲ್ಲ ಎಂದರೂ ಜನ ಏಳುತ್ತಿರಲಿಲ್ಲ. "ನಮ್ಮ ಮನೆ ಬಸ್ ಸ್ಟ್ಯಾಂಡೇ ಆಗಿದೆ," ಎಂದು ಅವನ ಹೆಂಡತಿ ಕಾಫಿಯ ತಟ್ಟೆ ಇಡುತ್ತ ಹೇಳುವಳು. "ಒಂದೇ ವ್ಯತ್ಯಾಸ, ಇಲ್ಲಿಂದ ಯಾರೂ ಹೊರಡಲ್ಲ."

ಇಷ್ಟು ವರ್ಷಗಳಲ್ಲಿ ಅವನು ತನ್ನದೆಂದು ಬಯಸಿದ್ದು ಒಂದೇ ಮಸೂದೆ. ಸಭೆಯಲ್ಲಿ ಅದಕ್ಕೆ ಕೊನೆ ಬಸ್ಸಿನ ಮಸೂದೆ ಎಂದು ಹೆಸರು ಬಿದ್ದಿತ್ತು. ಯಾವ ಊರಿಗೇ ಆಗಲಿ, ಸಂಜೆಯ ಕೊನೆಯ ಬಸ್ಸನ್ನು ನಷ್ಟದ ಕಾರಣ ಕೊಟ್ಟು ನಿಲ್ಲಿಸಕೂಡದು, ಅದರಲ್ಲಿದ್ದದ್ದು ಅಷ್ಟೇ. ಇದರ ತರ್ಕ ಅವನಿಗೆ ಬಸ್ಸಿನ ಫುಟ್‌ಬೋರ್ಡಿನ ಮೇಲೆಯೇ ಹೊಳೆದಿತ್ತು. ಕೊನೆಯ ಬಸ್ಸಿನಲ್ಲಿ ಕೂರುವವರು ಕಡಿಮೆ. ಆದರೆ ಅದು ಇದೆ ಎಂಬ ಧೈರ್ಯದಿಂದಲೇ ಜನ ಬೆಳಗಿನ ಬಸ್ಸು ಹತ್ತಿ ಕೆಲಸಕ್ಕೆ ಹೊರಡುತ್ತಾರೆ. ಕೊನೆಯದನ್ನು ಕಿತ್ತರೆ ಅದರ ಹಿಂದಿನದು ಕೊನೆಯದಾಗುತ್ತದೆ, ಅದರಲ್ಲೂ ಜನ ಕಡಿಮೆಯಾಗುತ್ತಾರೆ, ಅದನ್ನೂ ಕೀಳುತ್ತಾರೆ. ಹೀಗೆ ತುದಿಯಿಂದ ಒಂದೊಂದೇ ಕಳೆಯುತ್ತ ಬಂದರೆ ಉಳಿಯುವುದು ಸೊನ್ನೆ.

ಈ ತರ್ಕವನ್ನು ಒಪ್ಪದವರಲ್ಲಿ ಮೊದಲಿಗರು ಅವನ ಭಾವ, ಅಂದರೆ ಅಕ್ಕನ ಗಂಡ. ಅವರು ವಕೀಲರು, ಪಕ್ಕದ ಕ್ಷೇತ್ರದ ಶಾಸಕರು, ಎದುರು ಪಕ್ಷದವರು. ಸಭೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹರಿದು ಹಾಕುತ್ತಿದ್ದರು. ಸಂಜೆ ಅಕ್ಕನ ಮನೆಯಲ್ಲಿ ಒಂದೇ ಮೇಜಿಗೆ ಊಟಕ್ಕೆ ಕೂರುತ್ತಿದ್ದರು. "ಚಪ್ಪಲಿ, ಪಕ್ಷ ಎರಡೂ ಬಾಗಿಲಾಚೆ ಬಿಟ್ಟು ಬನ್ನಿ" ಎಂಬುದು ಅಕ್ಕನ ಕಟ್ಟಪ್ಪಣೆ. ಭಾವ ಚಪ್ಪಲಿ ಬಿಡುತ್ತಿದ್ದರು, ಬಸ್ಸಿನ ವಿಷಯ ಬಿಡುತ್ತಿರಲಿಲ್ಲ.

"ಖಾಲಿ ಬಸ್ಸು ಓಡಿಸೋಕೆ ಡೀಸೆಲ್ ಯಾರಪ್ಪನ ಮನೆಯಿಂದ ತರ್ತೀಯೋ?"

"ಖಾಲಿ ಕೋರ್ಟಿಗೆ ಫ್ಯಾನ್ ತಿರುಗುತ್ತಲ್ಲ ಭಾವ, ಆ ಕರೆಂಟ್ ಯಾರಪ್ಪಂದು?"

"ನೀನು ಮಸೂದೆ ತಾ. ನಾನು ಬೀಳಿಸ್ತೀನಿ. ಆಮೇಲೆ ಇಬ್ಬರೂ ಬಂದು ಊಟ ಮಾಡೋಣ."

ಜೋಡಿ ಎಂದರೆ ಈ ಇಬ್ಬರೇ ಎಂದು ಸಭೆಯಲ್ಲಿ ರೂಢಿಯಾಗಿತ್ತು. ಹಿಂದೊಮ್ಮೆ, ಕಂಡಕ್ಟರನ ಹೆಂಡತಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾದ ದಿನವೇ, ಸರ್ಕಾರದ ವಿರುದ್ಧ ಅವಿಶ್ವಾಸ ನಿರ್ಣಯ ಮತಕ್ಕೆ ಬಿತ್ತು. ಅವನು ಆಸ್ಪತ್ರೆಯ ಹಜಾರದಲ್ಲಿದ್ದ. ಭಾವ ಬೆಂಚಿನ ಮೇಲೆ ಹೋಗಿ ಕೂತರು. ಮತ ಸರಿಸಮ ಬಂದು ನಿರ್ಣಯ ಬಿತ್ತು; ಅವರ ಒಂದು ಮತವಿದ್ದಿದ್ದರೆ ಅವರ ಪಕ್ಷ ಗೆಲ್ಲುತ್ತಿತ್ತು. ಗೆದ್ದಿದ್ದರೆ ಅವರು ಕಾನೂನು ಮಂತ್ರಿ. ಸೋತದ್ದಕ್ಕೆ ಪಕ್ಷದಲ್ಲಿದ್ದ ಉಪನಾಯಕನ ಸ್ಥಾನವೂ ಹೋಯಿತು. ಅಂದು ಸಂಜೆ ಅವರು ಆಸ್ಪತ್ರೆಗೆ ಬಂದು, ಸೊಂಟ ಹಿಡಿದುಕೊಂಡು, "ಆ ಬೆಂಚು ತುಂಬಾ ಗಟ್ಟಿ ಕಣಪ್ಪಾ. ಇನ್ನೊಂದ್ಸಲ ಹೋಗೋವಾಗ ದಿಂಬು ತಗೊಂಡು ಹೋಗಬೇಕು" ಎಂದರು. ಆ ದಿನದ ಬಗ್ಗೆ ಅವರು ಆಡಿದ್ದು ಅದೊಂದೇ ಮಾತು.

ಹೀಗಿರುವಾಗ ಭಾವನಿಗೆ ಲಕ್ವ ಹೊಡೆಯಿತು. ನ್ಯಾಯಾಲಯದ ಮೆಟ್ಟಿಲ ಮೇಲೆ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರು. ಕಂಡಕ್ಟರ್ ಓಡಿಹೋದ. ಅಕ್ಕ ಬಾಗಿಲ ಬಳಿ ನಿಂತಿದ್ದಳು. ಪಕ್ಕದಲ್ಲಿ ಎದುರು ಪಕ್ಷದ ಸಚೇತಕಿ. ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರಾದ್ದರಿಂದ ಎಲ್ಲರಿಗೂ ಅವರು ಟೀಚರ್. ಹದಿನೈದು ದಿನದಲ್ಲಿ ಎದ್ದು ಓಡಾಡುತ್ತಾರೆ ಎಂದು ವೈದ್ಯರು ಹೇಳಿದ್ದರು. ಕಂಡಕ್ಟರ್ ಒಳಗೆ ಹೋಗಿ, ಕಣ್ಣು ಮುಚ್ಚಿದ್ದ ಭಾವನ ಕಿವಿಯ ಹತ್ತಿರ ಬಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಭಾವ, ನೀವು ಬಂದು ನಿಮ್ಮ ಸೀಟಲ್ಲಿ ಕೂರೋವರೆಗೂ ನಾನು ಬೆಂಚಲ್ಲಿ ಕೂತಿರ್ತೀನಿ. ಸಭೆ ಚಿಂತೆ ಬಿಡಿ."

ತಪ್ಪಾದದ್ದು ಅಲ್ಲಿ. ಜೋಡಿಯ ಮಾತನ್ನು ಯಾವಾಗಲೂ ಒಂದು ದಿನಕ್ಕೆ, ಹೆಚ್ಚೆಂದರೆ ಒಂದು ವಾರಕ್ಕೆ ಕೊಡುವುದು ಪದ್ಧತಿ. ಅವನು ಅವಧಿ ಹಾಕದೆ ಕೊಟ್ಟ. ದುಃಖದಲ್ಲಿದ್ದವನಿಗೆ ಅವಧಿ ಹಾಕುವುದು ಸಣ್ಣತನವಾಗಿ ಕಂಡಿತು. ಹದಿನೈದು ದಿನ ತಿಂಗಳಾಯಿತು, ತಿಂಗಳು ಎರಡಾಯಿತು. ಭಾವನ ಬಲಗಡೆ ಏಳಲಿಲ್ಲ. ಕಂಡಕ್ಟರ್ ನೋಡಲು ಹೋದಾಗಲೆಲ್ಲ ಅವರು ನಿದ್ದೆಯಲ್ಲಿರುತ್ತಿದ್ದರು; ಮಾತು ನಿಧಾನಕ್ಕೆ ಬರುತ್ತಿದೆ ಎಂದು ಅಕ್ಕ ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದಳು.

ಅಷ್ಟರಲ್ಲಿ ಲಾಟರಿ ಎದ್ದಿತು. ಮಂತ್ರಿಗಳಲ್ಲದ ಶಾಸಕರ ಮಸೂದೆಗಳಲ್ಲಿ ಯಾವುದು ಚರ್ಚೆಗೆ ಬರಬೇಕೆಂದು ಅಧಿವೇಶನಕ್ಕೊಮ್ಮೆ ಚೀಟಿ ಎತ್ತುತ್ತಿದ್ದರು. ವರ್ಷಗಳಿಂದ ಡಬ್ಬಿಯ ತಳದಲ್ಲೇ ಉಳಿದಿದ್ದ ಕಂಡಕ್ಟರನ ಚೀಟಿ ಈ ಬಾರಿ ಕೈಗೆ ಸಿಕ್ಕಿತು. ನಷ್ಟದ ಬಸ್ಸುಗಳನ್ನು ನಿಲ್ಲಿಸುವ ಆದೇಶ ಸಾರಿಗೆ ಇಲಾಖೆಯಲ್ಲಿ ಸಿದ್ಧವಾಗಿತ್ತು. ಮಸೂದೆ ಗೆದ್ದರೆ ಅದು ಕಸದ ಬುಟ್ಟಿಗೆ, ಬಿದ್ದರೆ ಮರುದಿನವೇ ಜಾರಿಗೆ. ಒಮ್ಮೆ ಬಿದ್ದ ಮಸೂದೆಯನ್ನು ಆ ಸಭೆಯ ಅವಧಿ ಮುಗಿಯುವವರೆಗೆ ಮತ್ತೆ ತರುವಂತಿರಲಿಲ್ಲ. ಅವಧಿ ಇನ್ನೂ ಎರಡು ವರ್ಷಕ್ಕೂ ಮೇಲಿತ್ತು. ಅಷ್ಟರೊಳಗೆ ತನ್ನ ಕ್ಷೇತ್ರದ ಬೆಟ್ಟದ ಮಾರ್ಗಗಳಲ್ಲಿ ತುದಿಯಿಂದ ಎಷ್ಟು ಬಸ್ಸು ಕಳೆದಿರುತ್ತವೆ ಎಂಬುದನ್ನು ಕಂಡಕ್ಟರ್ ಯಾರಿಂದಲೂ ಕೇಳಿ ತಿಳಿಯಬೇಕಿರಲಿಲ್ಲ.

ಅವನ ಪಕ್ಷದ ಸಚೇತಕ ಕೊಠಡಿಗೆ ಕರೆದು ಬಾಗಿಲು ಹಾಕಿದ. ವಯಸ್ಸಿನಲ್ಲಿ ಚಿಕ್ಕವನು, ಮಾತು ಚುರುಕು.

"ಲೆಕ್ಕ ಕೇಳಿ ಕಂಡಕ್ಟ್ರೇ. ನಮ್ಮ ಕಡೆ ಒಂದು ತಲೆ ಜಾಸ್ತಿ ಇತ್ತು. ಆದ್ರೆ ನಮ್ಮ ಪಕ್ಷದ ಬಸ್ ಮಾಲೀಕ ಶಾಸಕರಿಗೆ ಆವತ್ತು ತಲೆನೋವು ಬರುತ್ತೆ."

"ಈಗ್ಲೇ ಗೊತ್ತಾ?"

"ಹೋದ ವಾರಾನೇ ಹೇಳಿ ಕಳಿಸಿದಾರೆ. ಸ್ವಂತ ಬಸ್ ಓಡೋ ಕಡೆ ಸರ್ಕಾರಿ ಬಸ್ ಉಳಿಸೋಕೆ ಅವರು ಬರ್ತಾರಾ? ಅವರ ತಲೆನೋವಿಗೆ ಜೋಡಿ ಕೂರೋರೂ ಯಾರೂ ಇಲ್ಲ. ಅಲ್ಲಿಗೆ ಎರಡು ಕಡೆ ಸರಿಸಮ. ಸರಿಸಮ ಬಂದ್ರೆ ಮಸೂದೆ ಬಿದ್ದ ಹಾಗೆ, ಅದು ನಿಮಗೂ ಗೊತ್ತು. ಈಗ ನಿಮ್ಮ ಭಾವ ಮಲಗಿದಾರೆ. ಆ ಕಡೆ ಒಂದು ಕಳೀತು. ನೀವು ಒಳಗೆ ಉಳಿದ್ರೆ ಗೆದ್ವಿ. ನೀವೂ ಎದ್ದು ಹೋದ್ರೆ ಮತ್ತೆ ಸರಿಸಮ."

"ಭಾವ ಕಾಯಿಲೆ ಬಿದ್ದಿದ್ದಕ್ಕೆ ಗೆದ್ವಿ ಅಂತಾಗುತ್ತೆ."

"ಗೆದ್ವಿ ಅಂತಾಗುತ್ತೆ. ಅಷ್ಟು ಸಾಕು."

"ಜೋಡಿ ಇರೋದೇ ಹಾಗಾಗಬಾರದು ಅಂತಲ್ಲವೇನಯ್ಯಾ."

"ಹಾಗಾದ್ರೆ ಅವರ ಬಾಯಲ್ಲೇ ಬಿಡುಗಡೆ ಹೇಳಿಸಿಕೊಂಡು ಬನ್ನಿ. ಸಂಬಂಧಿಕರು ತಾನೇ? ನಿಮ್ಮ ಬೆಟ್ಟದ ಜನಕ್ಕೆ ನಾನು ಬೆಂಚಿನ ಕತೆ ಹೇಳೋಕಾಗಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಂಡಕ್ಟರ್ ಸೀದಾ ಆಸ್ಪತ್ರೆಗೆ ಹೊರಟ.

ಆಸ್ಪತ್ರೆಯ ಕೋಣೆ ಚಿಕ್ಕದು. ಒಂದು ಮಂಚ, ಒಂದು ಕಬ್ಬಿಣದ ಕುರ್ಚಿ, ಕಿಟಕಿಯಾಚೆ ಇನ್ನೊಂದು ಕಟ್ಟಡದ ಗೋಡೆ. ಭಾವನ ಬಲಗೈಯನ್ನು ಒಂದು ಸಣ್ಣ ದಿಂಬಿನ ಮೇಲೆ ಇಟ್ಟಿದ್ದರು. ನೆಲ ಒರೆಸುತ್ತಿದ್ದ ಆಯಾ ಕಂಡಕ್ಟರನನ್ನು ಕಂಡು ಕೋಲು ಗೋಡೆಗೆ ಒರಗಿಸಿದಳು. ಅವಳು ಅವನ ಕ್ಷೇತ್ರದವಳು. ಬೆಟ್ಟದ ಮೇಲಿನ ಕೊನೆಯ ಸ್ಟಾಪಿನವಳು. ಸಂಜೆಯವರೆಗೆ ಇಲ್ಲಿ ಕೆಲಸ ಮಾಡಿ ಕೊನೆಯ ಬಸ್ಸಿಗೆ ಮನೆ ಸೇರುವವಳು.

"ಬಸ್ಸು ಉಳಿಯುತ್ತಾ ಸಾರ್? ಮೇಸ್ತ್ರಿ ಕೇಳ್ತಿದಾರೆ. ಬಸ್ ಇಲ್ದಿದ್ರೆ ಈಗ್ಲೇ ಹೇಳು, ಬೇರೆಯವರನ್ನ ತಗೋತೀನಿ ಅಂತಾರೆ."

ಆಗುತ್ತದೆ, ಇಲ್ಲ ಎಂದು ಎರಡರಲ್ಲೊಂದು ಹೇಳಿ ರೂಢಿಯಾಗಿದ್ದ ಕಂಡಕ್ಟರ್ ಮೊದಲ ಬಾರಿಗೆ, "ನೋಡೋಣಮ್ಮಾ" ಎಂದ. ತನ್ನ ಬಾಯಿಂದ ಬಂದ ಮಾತು ಅವನಿಗೇ ಬೇರೆ ಯಾರದೋ ಎನಿಸಿತು.

ಆಯಾ ಹೊರಗೆ ಹೋದ ಮೇಲೆ ಅವನು ಕುರ್ಚಿಯನ್ನು ಮಂಚಕ್ಕೆ ಎಳೆದುಕೊಂಡ. ಭಾವನ ಕಣ್ಣು ತೆರೆದಿತ್ತು. ಸಂಗತಿಯನ್ನೆಲ್ಲ ಬಿಡಿಸಿ ಹೇಳಿದ. ಕೊನೆಗೆ ಕೇಳಿದ:

"ಭಾವ, ಈ ಒಂದು ಸಲ ನನ್ನನ್ನ ಬಿಡ್ತೀರಾ?"

ಭಾವನ ತುಟಿ ಎಡಕ್ಕೆ ಸರಿಯಿತು. "ಆಯ್ತು."

ಬಸ್ಸಿನ ಗದ್ದಲದಲ್ಲಿ ದಿನವಿಡೀ ನಿಂತವನು ಸೀಟು ಸಿಕ್ಕಿ ಕೂತಂತೆ ಅವನ ಮೈ ಸಡಿಲವಾಯಿತು. ಆಗ ನರ್ಸ್ ಒಳಗೆ ಬಂದಳು.

"ಇಂಜೆಕ್ಷನ್ ಟೈಮ್ ಸಾರ್. ಕೊಡ್ಲಾ?"

"ಆಯ್ತು."

"ಎಡಗೈಗಾ, ಬಲಗೈಗಾ?"

"ಆಯ್ತು."

"ನಿನ್ನೆ ನಿದ್ದೆ ಬಂತಾ, ಇಲ್ವಾ?"

"ಆಯ್ತು."

ನರ್ಸ್ ಕಂಡಕ್ಟರ್ ಕಡೆ ತಿರುಗಿ ಹೇಳಿದಳು: "ಇದೊಂದೇ ಮಾತು ಉಳಿದಿದೆ. ಕೆಲವರಿಗೆ ಹೀಗಾಗುತ್ತೆ. ಏನ್ ಕೇಳಿದ್ರೂ ಇದೇ."

ಹಜಾರದಲ್ಲಿ ಅಕ್ಕ ಫ್ಲಾಸ್ಕು ತೊಳೆದುಕೊಂಡು ಬರುತ್ತಿದ್ದಳು. ಅವನು ಅವಳನ್ನು ತಡೆದ.

"ನನಗ್ಯಾಕೆ ಹೇಳಲಿಲ್ಲ ಅಕ್ಕಾ?"

"ಏನಂತ ಹೇಳಲಿ? ವಾದ ಮಾಡಿ ಬದುಕಿದೋರಿಗೆ ಒಂದೇ ಮಾತು ಉಳಿದಿದೆ ಅಂತ ಊರಿಗೆಲ್ಲ ಡಂಗುರ ಹೊಡೀಲಾ? ಅವರ ಪಕ್ಷದೋರಿಗೂ ಹೇಳಿಲ್ಲ. ಮಾತು ನಿಧಾನಕ್ಕೆ ಬರ್ತಿದೆ ಅಂದಿದೀನಿ."

"ಅವರಿಗೆ ಅರ್ಥ ಆಗುತ್ತಾ?"

"ಎಲ್ಲಾ ಆಗುತ್ತೆ. ಮಾತು ಹೋಗಿದೆ, ಬುದ್ಧಿ ಇದ್ದಲ್ಲೇ ಇದೆ."

"ಡಾಕ್ಟ್ರು ಏನಂತಾರೆ?"

"ಹೇಳೋಕಾಗಲ್ಲ ಅಂತಾರೆ. ಡಾಕ್ಟ್ರು ಸಂಸಾರ ಮಾಡಿದಾರಾ ಅವರ ಜೊತೆ?"

ಅವನು ಫ್ಲಾಸ್ಕನ್ನು ಅವಳ ಕೈಯಿಂದ ತೆಗೆದುಕೊಂಡ. "ನೀನೇ ಹೇಳಿಬಿಡು ಅಕ್ಕಾ. ನೀನು ಹೋಗು ಅಂದ್ರೆ ಹೋಗ್ತೀನಿ."

"ಮಾತು ಯಾರಿಗೆ ಕೊಟ್ಟೆ, ನನಗಾ? ನನ್ನನ್ನ ಮಧ್ಯೆ ಎಳೀಬೇಡ. ಅವರು ಆಯ್ತು ಅಂದ್ರಲ್ಲ, ನಂಬೋದಾದ್ರೆ ನಂಬು."

ಅಕ್ಕನ ನಂಬಿಕೆ ಬೇರೆ, ಸಾಕ್ಷ್ಯ ಬೇರೆ. ಎರಡು ಕೈಯಲ್ಲಿ ಯಾವುದು ಎಂದು ಕೇಳಿದರೂ ಆಯ್ತು ಎನ್ನುವವರ ಒಪ್ಪಿಗೆಯನ್ನು ಒಪ್ಪಿಗೆ ಎಂದು ಹೇಗೆ ಎಣಿಸುವುದು? ಭಾವ ಚೆನ್ನಾಗಿದ್ದಾಗ ಈ ಮಸೂದೆಯನ್ನು ಬೀಳಿಸುತ್ತೇನೆ ಎಂದವರು. ಮಾತು ಹೋದ ಮೇಲೆ ಅದೇ ಬಾಯಿಯಿಂದ ತನಗೆ ಬೇಕಾದ ಉತ್ತರವನ್ನು ಕಿತ್ತುಕೊಂಡು ಬರುವುದು ಮಲಗಿದವರ ಬೆರಳು ಹಿಡಿದು ರುಜು ಒತ್ತಿಸಿಕೊಂಡಂತೆ. ಆದರೆ ಬೆಂಚಿನ ಮೇಲೆ ಕೂತರೆ ಆಯಾಳ ಬಸ್ಸು ನಿಲ್ಲುತ್ತದೆ. ಆಚೆ ಹೋದರೆ ಭಾವ ಅಡ್ಡ, ಈಚೆ ಬಂದರೆ ಬೆಟ್ಟದ ಜನ ಅಡ್ಡ. ಆ ಸಂಜೆ ಅವನು ಊಟಕ್ಕೆ ಕೂತು ತಟ್ಟೆ ನೋಡುತ್ತಲೇ ಉಳಿದ. ಹೆಂಡತಿ, "ಏನು, ಟಿಕೆಟ್ ಕಳ್ಕೊಂಡೋರ ಹಾಗೆ ಕೂತಿದೀರಿ?" ಎಂದಳು. ಅವನು ತಟ್ಟೆ ಸರಿಸಿ ಎದ್ದ.

ಮತದಾನದ ದಿನ ಅವನು ಮಸೂದೆಯ ಮೇಲೆ ಮಾತಾಡಿದ. ಎಂದೂ ಇಲ್ಲದಷ್ಟು ಚಿಕ್ಕ ಭಾಷಣ. ತುದಿಯಿಂದ ಕಳೆಯುತ್ತ ಬಂದರೆ ಏನು ಉಳಿಯುತ್ತದೆ ಎಂಬುದನ್ನು ಮಾತ್ರ ಹೇಳಿ ಕೂತ. ಸಭಾಧ್ಯಕ್ಷರು ತಮಾಷೆಗೆ, "ಸ್ಟಾಪ್ ಇನ್ನೂ ಬಂದಿಲ್ಲ ಕಂಡಕ್ಟ್ರೇ" ಎಂದರು. ಸದಸ್ಯರು ನಕ್ಕರು. ಅವನು ಏಳಲಿಲ್ಲ.

ಎದುರು ಪಕ್ಷದವರ ಉತ್ತರ ಮುಗಿಯಿತು. ಮತಕ್ಕೆ ಹಾಕುವ ಗಂಟೆ ಬಾರಿಸತೊಡಗಿತು. ಅದು ನಿಲ್ಲುವುದರೊಳಗೆ ಒಳಗಿರಬೇಕಾದವರು ಒಳಗಿರಬೇಕು. ಆಮೇಲೆ ಗಾಜಿನ ಬಾಗಿಲು ಮುಚ್ಚುತ್ತದೆ. ಕಂಡಕ್ಟರ್ ಎದ್ದು ಹೊರಗೆ ಬಂದ. ಬೆಂಚಿನ ಬಳಿ ಸಚೇತಕ ಆಗಲೇ ನಿಂತಿದ್ದ. ಪಕ್ಕದಲ್ಲಿ ಟೀಚರ್ ಇದ್ದರು.

"ಕೂರಬೇಡಿ," ಎಂದ ಸಚೇತಕ. "ಬೆಳಿಗ್ಗೆ ನಾನೇ ಹಣ್ಣು ತಗೊಂಡು ಆಸ್ಪತ್ರೆಗೆ ಹೋಗಿದ್ದೆ. ನಿಮ್ಮ ಭಾವನ್ನ ಕೇಳಿದೆ. ಬಿಡುಗಡೆ ಕೊಟ್ಟಿದಾರೆ. ಟೀಚರ್ ಎದುರಿಗೇ ಇನ್ನೊಂದ್ಸಲ ಕೇಳ್ತೀನಿ, ಆಮೇಲೆ ಯಾರೂ ಏನೂ ಅನ್ನಬಾರದು ನೋಡಿ."

ಅವನು ಫೋನ್ ಹಚ್ಚಿ ಅಂಗೈ ಮೇಲಿಟ್ಟು, ಮೂವರಿಗೂ ಕೇಳುವಂತೆ ದನಿ ಹೆಚ್ಚಿಸಿದ. ಆ ಕಡೆ ಅಕ್ಕ ಎತ್ತಿದಳು.

"ಅಮ್ಮಾ, ಸಾಹೇಬ್ರ ಕಿವಿ ಹತ್ರ ಹಿಡೀರಿ."

"ಹಿಡಿದಿದೀನಿ. ಕಿರುಚಬೇಡಿ, ಕಿವಿ ಚೆನ್ನಾಗೇ ಇದೆ."

"ಸಾರ್, ನಿಮ್ಮ ಭಾವಮೈದ ಜೋಡಿ ಬಿಟ್ಟು ಒಳಗೆ ಹೋಗಿ ಮತ ಹಾಕಬಹುದಾ?"

"ಆಯ್ತು."

ದನಿ ತೊದಲುತ್ತಿದ್ದರೂ ಮಾತು ಸ್ಪಷ್ಟವಾಗಿತ್ತು. ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಅವರದ್ದೇ ದನಿ. ಅವರೇ ಬಿಟ್ಟ ಮೇಲೆ ನಮ್ಮ ಕಡೆಯಿಂದ ತಕರಾರಿಲ್ಲ. ಹೋಗಿ ಕಂಡಕ್ಟ್ರೇ, ಗಂಟೆ ನಿಲ್ಲುತ್ತೆ."

ಗಾಜಿನ ಬಾಗಿಲು ಎದುರಿಗೇ ತೆರೆದಿತ್ತು. ಎಂಟು ಹತ್ತು ಹೆಜ್ಜೆ ಇಟ್ಟರೆ ಮಸೂದೆ ಗೆದ್ದಂತೆ. ತಡೆಯುವವರು ಯಾರೂ ಇರಲಿಲ್ಲ. ತಡೆಯಬೇಕಾದವರೇ ದಾರಿ ಬಿಟ್ಟು ನಿಂತಿದ್ದರು. ಆ ಒಂದು ಮಾತಿನ ಬೆಲೆ ಎಷ್ಟೆಂದು ಅಲ್ಲಿದ್ದವರಲ್ಲಿ ಗೊತ್ತಿದ್ದವನು ಅವನೊಬ್ಬನೇ. ಅವನಿಗೆ ಗೊತ್ತಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು.

"ಫೋನ್ ಇಲ್ಲಿ ಕೊಡು," ಎಂದ.

"ಯಾಕೆ? ಮುಗೀತಲ್ಲ."

ಅವನು ಫೋನನ್ನು ಕೈಯಿಂದ ತೆಗೆದುಕೊಂಡ. "ಭಾವ, ನಾನು. ನಾನು ಒಳಗೆ ಹೋಗದೆ ಬೆಂಚಿನ ಮೇಲೇ ಕೂತಿರಲಾ?"

ಈ ಸಲ ಉತ್ತರ ಬರಲು ತಡವಾಯಿತು. ಗಂಟೆ ಬಾರಿಸುತ್ತಲೇ ಇತ್ತು. ಆ ಕಡೆ ಉಸಿರಾಟ ಕೇಳಿಸಿತು. ಆಮೇಲೆ ಮೆಲ್ಲಗೆ ಬಂತು.

"ಆಯ್ತು."

ಕಂಡಕ್ಟರ್ ಫೋನನ್ನು ಸಚೇತಕನ ಕೈಗೆ ಹಿಂದಿರುಗಿಸಿದ. "ಕೇಳಿಸ್ತಾ? ಏನ್ ಕೇಳಿದ್ರೂ ಅದೇ. ಅವರಿಗೆ ಉಳಿದಿರೋದು ಅದೊಂದೇ ಮಾತು." ನಂತರ ಬೆಂಚಿನ ಮೇಲೆ ಕೂತ.

ಸಚೇತಕನ ಮುಖ ಮೊದಲು ಕೆಂಪಾಯಿತು, ಆಮೇಲೆ ಸಪ್ಪಗಾಯಿತು. "ನಿಮ್ಮ ಮಸೂದೇನ ನೀವೇ ದಾರಿ ಮಧ್ಯೆ ಇಳಿಸಿಬಿಟ್ರಿ," ಎಂದಷ್ಟೇ ಹೇಳಿ ಒಳಗೆ ಹೋದ. ಟೀಚರ್ ಕೂಡ ಹಿಂದೆಯೇ ಹೋದರು. ಗಂಟೆ ನಿಂತಿತು. ಬಾಗಿಲು ಮುಚ್ಚಿತು. ಗಾಜಿನಾಚೆ ಒಂದು ಕಡೆಯವರು ಎದ್ದು ನಿಂತರು, ಎಣಿಕೆಯಾಯಿತು, ಕೂತರು. ಇನ್ನೊಂದು ಕಡೆಯವರು ಎದ್ದು ನಿಂತರು, ಎಣಿಕೆಯಾಯಿತು, ಕೂತರು. ಒಳಗಿನ ದನಿ ಹೊರಗೆ ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಸಭಾಧ್ಯಕ್ಷರು ಮಸೂದೆಯ ಪ್ರತಿಯನ್ನು ಮಡಚಿ ಮೇಜಿನ ಎಡಕ್ಕೆ ಇಟ್ಟರು. ಬಿದ್ದ ಮಸೂದೆಗಳನ್ನು ಇಡುವುದು ಎಡಕ್ಕೆ.

ಸಭೆ ಮುಗಿದ ಮೇಲೆ ಟೀಚರ್ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು.

"ನಾನು ಒಪ್ಪಿಬಿಟ್ಟಿದ್ದೆನಲ್ಲ. ಸುಮ್ಮನೆ ಒಳಗೆ ಬರಬಹುದಿತ್ತು."

"ನೀವು ಒಪ್ಪಿದ್ರಿ ಟೀಚರ್. ನನಗೆ ಒಪ್ಪೋಕಾಗಲಿಲ್ಲ."

"ನಾಳೆ ಬೆಟ್ಟದ ಜನ ಬರ್ತಾರೆ ಮನೆಗೆ."

"ಬರ್ತಾರೆ. ಬೆಳಿಗ್ಗೆ ಬಸ್ಸು ಇನ್ನೂ ಇದೆ."

ಸಂಜೆ ಅವನು ಆಸ್ಪತ್ರೆಗೆ ಹೋದ. ಸುದ್ದಿ ಅವನಿಗಿಂತ ಮೊದಲೇ ಹೋಗಿತ್ತು. ಆಯಾ ಬಾಗಿಲ ಬಳಿ ಬಕೆಟ್ಟು ಎತ್ತಿಕೊಂಡು ನಿಂತಿದ್ದಳು. "ಹೋಯ್ತಂತಲ್ಲ ಸಾರ್" ಎಂದಳು. ಅವನು ಹೌದು ಎಂದ. "ಹಾಗಾದ್ರೆ ಮೇಸ್ತ್ರಿಗೆ ಹೇಳಿಬಿಡ್ತೀನಿ, ಬೇರೆಯವರನ್ನ ನೋಡ್ಕೊಳ್ಳಲಿ" ಎಂದು, ಅವನು ಹಾಯಲು ದಾರಿ ಬಿಟ್ಟು, ಬಕೆಟ್ಟು ಹಿಡಿದು ಹೊರಟುಹೋದಳು. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಅಕ್ಕ ಮಂಚದ ಕಾಲ ಬಳಿ ಕೂತಿದ್ದಳು. ತಮ್ಮನ ಮುಖ ನೋಡಿ ಏನೂ ಕೇಳಲಿಲ್ಲ. ಅವನು ಕುರ್ಚಿಯ ಮೇಲೆ ಕೂತು, ಭಾವನಿಗೆ ವರದಿ ಒಪ್ಪಿಸುವವನಂತೆ ಹೇಳಿದ:

"ಸರಿಸಮ ಬಂತು ಭಾವ. ಬಿತ್ತು. ನೀವು ಹೇಳಿದ್ದ ಹಾಗೇ ಆಯ್ತು. ನಾನು ಬೆಂಚಲ್ಲೇ ಕೂತಿದ್ದೆ."

ಭಾವ ಏನೂ ಅನ್ನಲಿಲ್ಲ.

"ನಾನು ಮಾಡಿದ್ದು ಸರಿ ತಾನೇ?"

ಭಾವ ಏನೂ ಅನ್ನಲಿಲ್ಲ. ಸೂಜಿಗೂ ನೀರಿಗೂ ನೋವಿಗೂ ಒಂದೇ ಮಾತು ಕೊಡುತ್ತಿದ್ದ ಬಾಯಿ ಬಿಗಿಯಾಗಿ ಮುಚ್ಚಿತ್ತು. ಅಕ್ಕ ಎದ್ದು ಬಂದು ಗಂಡನ ಮುಖದ ಮೇಲೆ ಬಾಗಿದಳು. "ಯಾಕೆ, ಏನಾಯ್ತು? ನೋವಾ? ನೀರು ಬೇಕಾ?" ಉತ್ತರವಿಲ್ಲ. ಅವರು ಭಾವಮೈದನನ್ನೇ ನೋಡುತ್ತಿದ್ದರು.

ಆಮೇಲೆ ಅವರ ಎಡಗೈ ಹೊದಿಕೆಯೊಳಗಿಂದ ಹೊರಗೆ ಬಂತು. ಅದು ಎದೆಯ ಮೇಲೆ ತೆವಳಿ ಬಲಗೈಯ ಹತ್ತಿರ ಹೋಯಿತು. ಬಲಗೈಯಡಿಯ ಸಣ್ಣ ದಿಂಬಿನ ಅಂಚನ್ನು ಹಿಡಿಯಿತು. ಅಕ್ಕ ಸಹಾಯಕ್ಕೆ ಹೋದಾಗ ಅವರು ತಲೆ ಅಲ್ಲಾಡಿಸಿದರು. ದಿಂಬು ಎಳೆದಂತೆ ಬಲಗೈ ಹಾಸಿಗೆಯ ಮೇಲೆ ಬಿತ್ತು. ಅವರು ದಿಂಬನ್ನು ಮಂಚದ ಅಂಚಿನವರೆಗೆ ತಳ್ಳಿದರು. ಅಲ್ಲಿಂದಲೂ ತಳ್ಳಿ ಕಂಡಕ್ಟರನ ಮಡಿಲಿಗೆ ಹಾಕಿದರು.

ಬೆಂಚು ತುಂಬಾ ಗಟ್ಟಿ ಎಂದು ಸೊಂಟ ಹಿಡಿದು ನಿಂತಿದ್ದ ಭಾವನನ್ನು ಅವನು ಕಂಡ. ಎಲ್ಲವೂ ಅವರಿಗೆ ನೆನಪಿತ್ತು. ಎಲ್ಲವೂ ಅರ್ಥವಾಗುತ್ತಿತ್ತು. ಬಿಡುತ್ತೀರಾ ಎಂದು ಮೊದಲ ದಿನ ಕೇಳಿದಾಗ ಬಿಟ್ಟಿದ್ದರು. ಸಚೇತಕ ಕೇಳಿದಾಗಲೂ ಬಿಟ್ಟಿದ್ದರು. ಬೆಂಚಿನ ಮೇಲೇ ಕೂರಲಾ ಎಂದು ಅವನೇ ಕೇಳಿದಾಗ, ಸ್ವಲ್ಪ ತಡೆದು, ಅವನ ಇಷ್ಟಕ್ಕೆ ಬಿಟ್ಟಿದ್ದರು. ಬೀಳಿಸುತ್ತೇನೆ ಎಂದಿದ್ದ ಮಸೂದೆಯನ್ನು ಗೆಲ್ಲಿಸಿಕೊಡಲು ಅವರ ಬಳಿ ಇದ್ದದ್ದು ಒಂದೇ ಮಾತು; ಅದನ್ನೇ ಕೊಟ್ಟಿದ್ದರು. ಸಾಕ್ಷ್ಯ ಸಾಲದೆಂದು ಅವನು ಹಿಂದಿರುಗಿಸಿದ್ದ.

"ಭಾವ," ಎಂದ. ದಿಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಅಕ್ಕ ಬಿದ್ದ ಬಲಗೈಯನ್ನು ಎತ್ತಿ, ತನ್ನ ಶಾಲನ್ನು ಮಡಚಿ ಅದರಡಿ ಇಟ್ಟಳು. ಆಮೇಲೆ ಕೇಳಿದಳು: "ಮತ್ತೆ ಸಭೆ ಯಾವಾಗ?"

"ಸೋಮವಾರ."

"ಅಲ್ಲೇ ಕೂರ್ತೀಯಾ?"

ಅವನು ಭಾವನ ಕಡೆ ನೋಡಿದ. ಕೇಳಿದರೆ ಬಿಡುತ್ತಾರೆ ಎಂದು ಈಗ ಅವನಿಗೆ ಗೊತ್ತಿತ್ತು. ಬಿಡಿಸಿಕೊಂಡು ಒಳಗೆ ಹೋಗಿ ಮಾಡಬೇಕಾದದ್ದು ಏನೂ ಉಳಿದಿರಲಿಲ್ಲ.

"ಅಲ್ಲೇ," ಎಂದ.

"ಆಯ್ತು," ಎಂದರು ಭಾವ.

ಕಂಡಕ್ಟರ್ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಎದ್ದ.